ಬಯಕೆ ಕೊಡದ ನೀರಲ್ಲ

ಕಾಸರಗೋಡು ಜಿಲ್ಲೆಯ ಕುಂಬಳೆ, ಮಂಜೇಶ್ವರದ ಕಡೆ ಚೊಚ್ಚಲ ಬಸುರಿಗೆ ಮಾಡುವ ಸೀಮಂತಕ್ಕೆ ‘ಬಯಕೆ’ ಎಂದೇ ಹೆಸರು. ಹಸಿರು ಸೀರೆ, ಹಸಿರು ಬಳೆ, ತಲೆ ತುಂಬ ಮಲ್ಲಿಗೆ, ಎದುರಿಗೆ ಬಾಳೆಲೆ ತುಂಬ ತಿಂಡಿ. ಹಿರಿಯ ಹೆಂಗಸರು ಒಬ್ಬೊಬ್ಬರಾಗಿ ಹತ್ತಿರ ಬಂದು ಕೇಳುತ್ತಾರೆ: “ಎಂತ ಬಯಕೆ ಮಗಳೇ ನಿಂಗೆ?” ಒಬ್ಬ ಹೆಣ್ಣಿಗೆ ಏನು ಬೇಕು ಎಂದು ಮನೆಯವರೆಲ್ಲ ಸೇರಿ ಬಾಯಿಬಿಟ್ಟು ಕೇಳುವುದು ಅವಳ ಬದುಕಿನಲ್ಲಿ ಹೆಚ್ಚುಕಡಿಮೆ ಆ ಒಂದು ದಿನ. ಅವಳು ಹೇಳಬೇಕಾದ ಉತ್ತರವೂ ಎಲ್ಲರಿಗೂ ಮೊದಲೇ ಗೊತ್ತು: ಮಾವಿನ ಮಿಡಿ, ಹುಣಸೆ, ಯಾವುದೋ ಒಂದು ಸಿಹಿ. ಆ ಬಸಿರಿಗೆ ಕಾರಣವಾದ ಇನ್ನೊಂದು ಬಯಕೆಯ ವಿಷಯ ಮಾತ್ರ ಅಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ.

ಮಾತಿಲ್ಲದ ಕಡೆ ತಪ್ಪು ಲೆಕ್ಕಗಳು ಬೇಗ ಬೇರೂರುತ್ತವೆ. ನಮ್ಮಲ್ಲಿ ಅತಿ ಆಳಕ್ಕೆ ಇಳಿದಿರುವ ತಪ್ಪು ಲೆಕ್ಕ ಯಾವುದೆಂದರೆ, ಕಾಮ ಎನ್ನುವುದು ಕೊಡದಲ್ಲಿ ತುಂಬಿಟ್ಟ ನೀರಿನ ಹಾಗೆ, ಖರ್ಚು ಮಾಡಿದಷ್ಟು ಮುಗಿಯುತ್ತದೆ, ಉಳಿಸಿದಷ್ಟು ಬಲ ಎನ್ನುವುದು. ನಲವತ್ತು ಹನಿ ರಕ್ತ ಸೇರಿದರೆ ಒಂದು ಹನಿ ವೀರ್ಯ ಎಂಬ ಮಾತು ಕೇಳದೆ ಬೆಳೆದ ಹುಡುಗರು ಕಡಿಮೆ. ಆಯುರ್ವೇದದ ಸಪ್ತಧಾತುಗಳ ಸಾಲಿನಲ್ಲಿ ರಸದಿಂದ ಶುರುವಾಗಿ ಶುಕ್ರ, ಅಂದರೆ ವೀರ್ಯ, ಕೊನೆಯದು, ಹಾಗಾಗಿ ಉಳಿದ ಎಲ್ಲದರ ಸಾರ ಅದು ಎಂಬ ನಂಬಿಕೆ ಗಟ್ಟಿಯಾಯಿತು. ‘ಧಾತು ಹೋಗುತ್ತದೆ’ ಎಂದು ಸೊರಗಿ, ನಿದ್ರೆಗೆಟ್ಟು ಬರುವ ಯುವಕರ ಈ ತೊಂದರೆಗೆ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ ‘ಗುಪ್ತರೋಗ’ ಎಂಬ ಪೋಸ್ಟರು ಈಗಲೂ ಬದುಕಿರುವುದು ಇದೇ ಹೆದರಿಕೆಯಿಂದ.

ನಿಜವಾದ ಲೆಕ್ಕ ಹೀಗಿದೆ. ಒಂದು ಸಲಕ್ಕೆ ಹೊರಬರುವ ವೀರ್ಯ ಸಾಮಾನ್ಯವಾಗಿ 1.5ರಿಂದ 5 ಮಿಲಿಲೀಟರ್, ಅಂದರೆ ಒಂದು ಟೀ ಚಮಚದ ಒಳಗೆ. ಅದರಲ್ಲಿ ಮೂರನೇ ಎರಡು ಭಾಗದಷ್ಟು ವೀರ್ಯಕೋಶಗಳ ದ್ರವ, ಉಳಿದದ್ದರಲ್ಲಿ ಬಹುಪಾಲು ಪ್ರಾಸ್ಟೇಟ್ ಗ್ರಂಥಿಯದು. ವೃಷಣದಿಂದ ಬರುವ ವೀರ್ಯಾಣುಗಳ ಪಾಲು ನೂರಕ್ಕೆ ಎರಡರಿಂದ ಐದು ಮಾತ್ರ. ಒಂದು ಸಲದ ವೀರ್ಯದಲ್ಲಿ ಇರುವ ಪ್ರೋಟೀನು ಹೆಚ್ಚೆಂದರೆ ಕಾಲು ಗ್ರಾಮಿನಷ್ಟು. ಒಂದು ಕೋಳಿಮೊಟ್ಟೆಯಲ್ಲಿ ಆರು ಗ್ರಾಮ್ ಇರುತ್ತದೆ. ಸ್ವಪ್ನಸ್ಖಲನದಿಂದ ಯಾರೂ ಸೊರಗುವುದಿಲ್ಲ. ಸೊರಗಿಸುವುದು ಹೆದರಿಕೆ. ಅದು ಕೆಲಸ ಮಾಡುವ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹುಡುಗ ತನ್ನ ಶಕ್ತಿ ಹೋಯಿತು ಎಂದು ನಂಬಿ ಪ್ರಸ್ತದ ಕೋಣೆಗೆ ಹೋಗುತ್ತಾನೆ. ಹೆದರಿದಾಗ ಅಡ್ರಿನಲಿನ್ ಎಂಬ ಹಾರ್ಮೋನು ಏರುತ್ತದೆ. ಶಿಶ್ನದೊಳಗಿನ ನಯವಾದ ಸ್ನಾಯುಗಳು ಸಡಿಲವಾದರೆ ಮಾತ್ರ ರಕ್ತ ಒಳಗೆ ನುಗ್ಗಿ ನಿಮಿರುವಿಕೆ ಬರುವುದು. ಅಡ್ರಿನಲಿನ್ ಅದೇ ಸ್ನಾಯುಗಳನ್ನು ಬಿಗಿ ಮಾಡುತ್ತದೆ. ಆಗದೇ ಹೋಗುತ್ತದೆ. ಆಗಲಿಲ್ಲ ಎಂಬುದೇ ಅವನಿಗೆ ಸಾಕ್ಷಿಯಾಗುತ್ತದೆ. ಮರುದಿನ ಲೇಹ, ಮುಂದಿನ ವಾರ ಮಾತ್ರೆ. ದೇಹದಲ್ಲಿ ಕೆಟ್ಟದ್ದು ಏನೂ ಇರಲಿಲ್ಲ, ನಂಬಿಕೆಯೊಂದು ರಕ್ತನಾಳದವರೆಗೆ ಇಳಿಯಿತು. ಕಾಮದಲ್ಲಿ ಜೈವಿಕ ಎಷ್ಟು, ಸಾಂಸ್ಕೃತಿಕ ಎಷ್ಟು ಎಂದು ಎರಡು ಬುಟ್ಟಿಗೆ ಪಾಲು ಹಾಕುವವರಿಗೆ, ಹಾಗೆ ಪಾಲು ಹಾಕಲಾಗದು ಎನ್ನಲು ಈ ಒಂದು ಉದಾಹರಣೆ ಸಾಕು.

ಹಾಗಾದರೆ ದೇಹದ ಪಾತ್ರ ಏನು? ಮೆದುಳಿನ ಹೈಪೊಥಲಾಮಸ್ ಸುಮಾರು ಒಂದೂವರೆ ಗಂಟೆಗೊಮ್ಮೆ ಮಿಡಿತ ಕೊಟ್ಟು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ. ಪಿಟ್ಯುಟರಿಯ ಹಾರ್ಮೋನು ವೃಷಣಕ್ಕೂ ಅಂಡಾಶಯಕ್ಕೂ ಆಜ್ಞೆ ಕಳಿಸುತ್ತದೆ. ವಯಸ್ಕ ಗಂಡಸಿನ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಎಂಬ ಕಾಮದ ಹಾರ್ಮೋನು ಡೆಸಿಲೀಟರಿಗೆ ಸುಮಾರು 300ರಿಂದ 1000 ನ್ಯಾನೊಗ್ರಾಮ್ ಇರುತ್ತದೆ. ಹೆಂಗಸಿನಲ್ಲೂ ಅದು ಇದೆ, 15ರಿಂದ 70ರಷ್ಟು. ಇಲ್ಲಿ ಎಡವುವುದು ಎಲ್ಲಿ ಎಂದರೆ, ಟೆಸ್ಟೋಸ್ಟೆರಾನನ್ನು ಪೆಟ್ರೋಲಿನ ಹಾಗೆ ಎಣಿಸುವುದರಲ್ಲಿ. ಅದು ಹೊಸ್ತಿಲಿನ ಹಾಗೆ. ಹೊಸ್ತಿಲಿನ ಕೆಳಗಿದ್ದರೆ ಆಸೆ ಬತ್ತುತ್ತದೆ ನಿಜ. ದಾಟಿದ ಮೇಲೆ 400 ಇರುವವನಿಗಿಂತ 800 ಇರುವವನಿಗೆ ಎರಡರಷ್ಟು ಆಸೆ ಇರುವುದಿಲ್ಲ.

ರಕ್ತದಲ್ಲಿ ಟೆಸ್ಟೋಸ್ಟೆರಾನ್ ಎಷ್ಟಿದೆ ಎಂಬ ಪರೀಕ್ಷೆಯನ್ನು ಮಾಡಿಸುವ ಹೊತ್ತು ಬಹಳ ಮುಖ್ಯ. ಟೆಸ್ಟೋಸ್ಟೆರಾನ್ ಬೆಳಿಗ್ಗೆ ಹೆಚ್ಚು, ಸಂಜೆಗೆ ಕಡಿಮೆ. ಊಟ ಮಾಡಿ ಮಧ್ಯಾಹ್ನ ಮೂರಕ್ಕೆ ರಕ್ತ ಕೊಟ್ಟು 280 ಬಂತು ಎಂದು ಕುಗ್ಗಿಹೋಗಬಾರದು. ಖಾಲಿ ಹೊಟ್ಟೆಯಲ್ಲಿ, ಬೆಳಿಗ್ಗೆ ಹತ್ತರ ಒಳಗೆ, ಬೇರೆ ಬೇರೆ ದಿನ ಎರಡು ಸಲ ನೋಡಿದ ಮೇಲೆಯೇ ಕಡಿಮೆ ಎನ್ನಬೇಕು. ಜ್ವರ ಬಂದು ಎದ್ದ ವಾರದಲ್ಲಂತೂ ಬೇಡವೇ ಬೇಡ. ನಿದ್ರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು: 2011ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಆರೋಗ್ಯವಂತ ಯುವಕರು ಒಂದು ವಾರ ರಾತ್ರಿಗೆ ಐದೇ ಗಂಟೆ ಮಲಗಿದಾಗ ಹಗಲಿನ ಟೆಸ್ಟೋಸ್ಟೆರಾನ್ ನೂರಕ್ಕೆ 10ರಿಂದ 15ರಷ್ಟು ಇಳಿದಿತ್ತು. ಜಿಮ್ಮಿನಲ್ಲಿ ಸಿಗುವ ಇಂಜೆಕ್ಷನ್ ಬಗ್ಗೆ ಒಂದು ಎಚ್ಚರಿಕೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಹಾಕಿಕೊಂಡರೆ ಪಿಟ್ಯುಟರಿ ‘ಸಾಕಷ್ಟಿದೆ’ ಎಂದು ಆಜ್ಞೆ ನಿಲ್ಲಿಸುತ್ತದೆ, ವೃಷಣ ವೀರ್ಯಾಣು ಮಾಡುವುದನ್ನು ಬಿಡುತ್ತದೆ. ಬಿಟ್ಟ ಮೇಲೆ ಸರಿಯಾಗಲು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಕ್ಕೂ ಹೆಚ್ಚು ಬೇಕು. ಮಗು ಬೇಕೆನ್ನುವವರು ಅದರ ಹತ್ತಿರ ಹೋಗಬಾರದು.

ಈ ಆಜ್ಞೆಯ ಸರಪಳಿ ಎಷ್ಟು ನಾಜೂಕು ಎಂಬುದಕ್ಕೆ ಕಾಸರಗೋಡಿನವರು ದೂರ ಹೋಗಬೇಕಾಗಿಲ್ಲ. ಎರಡು ದಶಕಕ್ಕೂ ಹೆಚ್ಚು ಕಾಲ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರು ಇದು. ಇಲ್ಲಿನ ಶಾಲಾ ಬಾಲಕರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಷಕ್ಕೆ ಒಡ್ಡಿಕೊಂಡ ಹುಡುಗರ ಪ್ರಾಯಕ್ಕೆ ಬರುವ ಬೆಳವಣಿಗೆ ತಡವಾಗಿದ್ದು, ವಯಸ್ಸಿಗೆ ತಕ್ಕಷ್ಟು ಟೆಸ್ಟೋಸ್ಟೆರಾನ್ ಇಲ್ಲದ್ದು ಕಂಡಿತು. ಪಿಟ್ಯುಟರಿ ಜೋರಾಗಿ ಆಜ್ಞೆ ಕೊಡುತ್ತಲೇ ಇತ್ತು, ವೃಷಣ ಓಗೊಡುತ್ತಿರಲಿಲ್ಲ. ಆ ಅಧ್ಯಯನ ಬಯಕೆಯ ಬಗ್ಗೆ ಅಲ್ಲ, ಪ್ರಾಯದ ಬಗ್ಗೆ. ಆದರೂ ನೀರು, ಗಾಳಿ, ತೋಟಕ್ಕೆ ಬಿಡುವ ಮದ್ದು ಕೂಡ ಈ ಸರಪಳಿಗೆ ಕೈಹಾಕಬಲ್ಲವು ಎಂಬುದನ್ನು ನಮ್ಮ ಊರಿನ ಮಕ್ಕಳ ಮೈಯೇ ತೋರಿಸಿಕೊಟ್ಟಿತು. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಹೆಂಗಸಿನ ಮೈಯಲ್ಲಿ ತಿಂಗಳ ಲಯ ಇದೆ. ತುಳುನಾಡಿನಲ್ಲಿ ಭೂಮಿತಾಯಿಗೂ ಮುಟ್ಟು ಇದೆ. ಕೆಡ್ಡಸ ಎಂಬ ಆ ಆಚರಣೆಯ ಮೂರು ದಿನ ನೆಲಕ್ಕೆ ಹಾರೆ ಹಾಕುವಂತಿಲ್ಲ, ಕೊನೆಗೆ ಅವಳಿಗೆ ಎಣ್ಣೆ ಬಿಡುತ್ತಾರೆ. ಮುಟ್ಟಿನ ನಂತರ ಈಸ್ಟ್ರೋಜನ್ ಹಾರ್ಮೋನು ಏರುತ್ತ ಅಂಡ ಬಿಡುಗಡೆಯಾಗುವ ನಡುದಿನಗಳಲ್ಲಿ ಅನೇಕರಿಗೆ ಆಸೆ ಸ್ವಲ್ಪ ಹೆಚ್ಚುತ್ತದೆ, ಆಮೇಲೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಏರಿದಾಗ ತಗ್ಗುತ್ತದೆ. ‘ಸ್ವಲ್ಪ’ ಎಂಬುದನ್ನು ಒತ್ತಿ ಹೇಳಬೇಕು. ಬೆಕ್ಕು, ನಾಯಿಗಳ ಹಾಗೆ ಬೆದೆಗೆ ಕಟ್ಟುಬಿದ್ದ ಮೈ ಮನುಷ್ಯರದಲ್ಲ. ನಡುದಿನವಾದರೂ ಅತ್ತೆಯ ಜೊತೆ ಜಗಳವಾದ ರಾತ್ರಿ ಆಸೆ ಇರುವುದಿಲ್ಲ.

ಏಕೆ ಎಂಬುದಕ್ಕೆ ಒಳ್ಳೆಯ ವಿವರಣೆ ಕೊಟ್ಟವರು ಕಾಮದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಕಿನ್ಸಿ ಸಂಸ್ಥೆಯ ಜಾನ್ ಬ್ಯಾಂಕ್ರಾಫ್ಟ್ ಮತ್ತು ಎರಿಕ್ ಜಾನ್ಸೆನ್. ಅವರ ಪ್ರಕಾರ ಮೆದುಳಿನಲ್ಲಿ ಆಕ್ಸಿಲರೇಟರೂ ಇದೆ, ಬ್ರೇಕೂ ಇದೆ; ಎರಡೂ ಬೇರೆ ಬೇರೆ. ಕೆಲವರಿಗೆ ಆಕ್ಸಿಲರೇಟರು ಸಲೀಸು, ಕೆಲವರಿಗೆ ಬ್ರೇಕು ಬಿಗಿ. ಬ್ರೇಕು ಒತ್ತಿಯೇ ಇದ್ದರೆ ಆಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿ ಮುಂದೆ ಹೋಗುವುದಿಲ್ಲ. ಲೇಹ, ಮಾತ್ರೆ, ವೀಡಿಯೊ ಎಲ್ಲವೂ ಆಕ್ಸಿಲರೇಟರನ್ನು ತುಳಿಯುವ ಉಪಾಯಗಳು. ಬ್ರೇಕಿನ ಪಟ್ಟಿ ಬೇರೆಯೇ ಇದೆ: ಬಸಿರಾದರೆ ಎಂಬ ಭಯ, ನೋವಾದರೆ ಎಂಬ ಭಯ, ತೆಳ್ಳನೆಯ ಹಲಗೆ ಗೋಡೆ, ಚಾವಡಿಯಲ್ಲಿ ಕೆಮ್ಮುವ ಮಾವ, ಸಾಲ, ಮೈಬಣ್ಣದ ಬಗ್ಗೆ ಯಾವಾಗಲೋ ಆಡಿದ ಒಂದು ಮಾತು, ಆಸೆ ತೋರಿಸಿದರೆ ‘ಇವಳಿಗೆ ಇದೆಲ್ಲ ಹೇಗೆ ಗೊತ್ತು’ ಎಂಬ ಅನುಮಾನ. ಇದರಲ್ಲಿ ಅರ್ಧಕ್ಕರ್ಧ ಸಂಸ್ಕೃತಿ ಕೊಟ್ಟದ್ದು. ಹಿರಿಯರು ಕಾಮವನ್ನು ನಾಲ್ಕು ಪುರುಷಾರ್ಥಗಳಲ್ಲಿ ಒಂದಾಗಿಯೂ ಎಣಿಸಿದರು, ಅರಿಷಡ್ವರ್ಗದಲ್ಲಿ ಮೊದಲ ಶತ್ರುವಾಗಿಯೂ ಎಣಿಸಿದರು. ಮಕ್ಕಳಿಗೆ ಮನೆಯಲ್ಲಿ ಕಲಿಸುವಾಗ ಎರಡನೆಯ ಪಟ್ಟಿ ಮಾತ್ರ ನೆನಪಾಗುತ್ತದೆ.

ಸಂಸ್ಕೃತಿ ಕೇವಲ ತಡೆಯುವುದಲ್ಲ, ಕಣ್ಣು ಯಾರ ಕಡೆ ಹೊರಳಬೇಕು ಎಂಬುದನ್ನೂ ಕಲಿಸುತ್ತದೆ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು, ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು ನಮಗೆ ಅಣ್ಣ, ತಂಗಿ. ಸೋದರಮಾವನ ಮಗಳು, ಸೋದರತ್ತೆಯ ಮಗ ಮಾತ್ರ ಬೇರೆ. ಅವರು ಕೊಟ್ಟು ತರುವ ಸಂಬಂಧ. ರಕ್ತದ ಲೆಕ್ಕದಲ್ಲಿ ಇವರೆಲ್ಲ ಸಮ, ಎಲ್ಲರೊಂದಿಗೂ ಹಂಚಿಕೊಂಡ ವಂಶವಾಹಿ ಸರಾಸರಿ ನೂರಕ್ಕೆ 12.5. ಆದರೂ ಚಿಕ್ಕಪ್ಪನ ಮಗಳ ಬಗ್ಗೆ ಅಂಥ ಯೋಚನೆ ಬಂದರೆ ಮೈ ಮುದುಡುತ್ತದೆ, ಮಾವನ ಮಗಳು ಎದುರು ಬಂದರೆ ಕಿವಿ ಬಿಸಿಯಾಗುತ್ತದೆ. ಕಾರಣ ಐದನೇ ವಯಸ್ಸಿನಿಂದಲೇ ಶುರು. ಜಾತ್ರೆಗೋ ಮದುವೆಗೋ ಮಾವನ ಮನೆಯವರು ಬಂದಾಗ ಯಾರೋ ಅಜ್ಜಿ ಆ ಪುಟ್ಟ ಹುಡುಗಿಯ ಗಲ್ಲ ಹಿಂಡಿ, “ನೋಡು, ನಿನ್ನ ಗಂಡ ಬಂದ” ಎಂದು ನಗುತ್ತಾಳೆ. ಚಿಕ್ಕಪ್ಪನ ಮಗನ ಎದುರು ಆ ನಗೆಯಾಟ ಯಾರೂ ಮಾಡುವುದಿಲ್ಲ. ನೆರೆಮನೆಯ ಬ್ಯಾರಿ ಮುಸ್ಲಿಂ ಕುಟುಂಬದಲ್ಲಿ ಚಿಕ್ಕಪ್ಪನ ಮಗಳೂ ಮದುವೆಗೆ ಸಲ್ಲುವವಳೇ, ಧರ್ಮದ ಅಡ್ಡಿಯಿಲ್ಲ. ಒಂದೇ ಕಟ್ಟಪುಣಿಯ (ಗದ್ದೆಬದುವಿನ) ಆಚೆ ಈಚೆ ಎರಡು ಬೇರೆ ನಾಚಿಕೆಗಳು.

ಇನ್ನೂ ವಿಚಿತ್ರ ಅಕ್ಕನ ಮಗಳದ್ದು. ಮಡಕಶಿರಾ, ಹಿಂದೂಪುರ, ಹೊಸೂರಿನ ಕಡೆಯ ಅನೇಕ ಕನ್ನಡ ತೆಲುಗು ಮನೆಗಳಲ್ಲಿ ಸೋದರಮಾವನಿಗೆ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಎಂಬ ಮಾತಿತ್ತು, ಇಂಥ ಮದುವೆ ಈಗಲೂ ನಿಂತಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ, ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಗಳಲ್ಲಿ ಇದು ಊಹೆಗೂ ನಿಲುಕದ ಮಾತು. ಬಳಿ, ಅಂದರೆ ಕುಲದ ಗುಂಪು, ಬರುವುದು ತಾಯಿಯಿಂದ. ಸೋದರಮಾವನೂ ಅಕ್ಕನ ಮಗಳೂ ಒಂದೇ ಬಳಿ, ಅಂದರೆ ಒಡಹುಟ್ಟಿದವರಿಗೆ ಸಮ. ಒಂದು ಕಡೆಯ ಆದರ್ಶ ಸಂಬಂಧ ಇನ್ನೊಂದು ಕಡೆಯ ಮಹಾಪಾಪ, ರಕ್ತದಲ್ಲಿ ಎರಡೂ ಕಡೆ ನೂರಕ್ಕೆ 25. 1955ರ ಹಿಂದೂ ವಿವಾಹ ಕಾಯ್ದೆಯೂ ನಿಷಿದ್ಧ ಸಂಬಂಧಗಳ ಪಟ್ಟಿ ಕೊಟ್ಟು, ರೂಢಿಯಿದ್ದರೆ ಆಗಬಹುದು ಎಂದು ಬಾಗಿಲು ತೆರೆದಿಟ್ಟಿದೆ. ಹುಟ್ಟುವ ಮಕ್ಕಳ ಅಪಾಯ ಮಾತ್ರ ರೂಢಿಯನ್ನು ಕೇಳುವುದಿಲ್ಲ. ಯಾವ ದಂಪತಿಗಾದರೂ ಇರುವ ನೂರಕ್ಕೆ ಎರಡು ಮೂರರ ಜನ್ಮದೋಷದ ಸಾಧ್ಯತೆಗೆ ಇಂಥ ಹತ್ತಿರದ ಸಂಬಂಧದಲ್ಲಿ, ಅತ್ತೆ ಮಾವನ ಮಕ್ಕಳಾದರೂ, ನೂರಕ್ಕೆ ಇನ್ನೂ ಸುಮಾರು ಎರಡು ಸೇರುತ್ತದೆ, ಸೋದರಮಾವ ಮತ್ತು ಅಕ್ಕನ ಮಗಳಾದರೆ ಅದಕ್ಕೂ ಹೆಚ್ಚು.

ಹಾಗಂತ ಎಲ್ಲವೂ ಕಲಿತದ್ದೇ ಅಲ್ಲ. ಒಟ್ಟಿಗೆ ಬೆಳೆದವರ ನಡುವೆ ಆಸೆ ಹುಟ್ಟುವುದು ಅಪರೂಪ ಎಂದು ಫಿನ್ಲೆಂಡಿನ ಎಡ್ವರ್ಡ್ ವೆಸ್ಟರ್‌ಮಾರ್ಕ್ 1891ರಲ್ಲೇ ಹೇಳಿದ್ದರು. ತೈವಾನಿನಲ್ಲಿ ಹಸುಗೂಸು ಹುಡುಗಿಯನ್ನು ಮುಂದಿನ ಸೊಸೆಯಾಗಿ ಮನೆಗೆ ತಂದು ಹುಡುಗನ ಜೊತೆ ಬೆಳೆಸುವ ಪದ್ಧತಿ ಇತ್ತು. ಸಮಾಜದ ಪೂರ್ಣ ಒಪ್ಪಿಗೆ ಇದ್ದರೂ ಅಂಥ ಮದುವೆಗಳಲ್ಲಿ ಮಕ್ಕಳು ಕಡಿಮೆ, ವಿಚ್ಛೇದನ ಹೆಚ್ಚು ಎಂದು ಮಾನವಶಾಸ್ತ್ರಜ್ಞ ಆರ್ಥರ್ ವುಲ್ಫ್ ದಾಖಲೆಗಳಿಂದ ತೋರಿಸಿದರು. ಬೇರೆ ಮನೆಯಲ್ಲಿ ಬೆಳೆದು ಹಬ್ಬಕ್ಕೊಮ್ಮೆ ಕಾಣುವ ಅತ್ತೆಮಗಳ ಮೇಲೆ ಮನಸ್ಸಾಗುವುದೂ, ಒಂದೇ ಚಾಪೆಯಲ್ಲಿ ಹೊರಳಾಡಿ ಬೆಳೆದವಳ ಮೇಲೆ ಆಗದಿರುವುದೂ ಇದರಿಂದ ಅರ್ಥವಾಗುತ್ತದೆ.

ಸಂಸ್ಕೃತಿಯ ಕೈ ಎಟುಕದ ಇನ್ನೊಂದು ಜಾಗ ಗಂಡಿಗೆ ಗಂಡಿನ ಮೇಲೆ, ಹೆಣ್ಣಿಗೆ ಹೆಣ್ಣಿನ ಮೇಲೆ ಇರುವ ಒಲವು. 2019ರಲ್ಲಿ ಸುಮಾರು 4.7 ಲಕ್ಷ ಜನರ ವಂಶವಾಹಿ ನೋಡಿದ ದೊಡ್ಡ ಅಧ್ಯಯನ ‘ಸಲಿಂಗ ಜೀನ್’ ಎಂಬ ಒಂದೇ ಒಂದು ಜೀನ್ ಇಲ್ಲ ಎಂದಿತು, ಅನೇಕ ಜೀನುಗಳ ಸಣ್ಣ ಸಣ್ಣ ಪ್ರಭಾವ ಇದೆ ಎಂದೂ ಹೇಳಿತು. ಜೀನ್ ಒಂದೇ ಅಲ್ಲವೆಂದ ಮಾತ್ರಕ್ಕೆ ಬದಲಾಯಿಸಬಹುದು ಎಂದು ಅರ್ಥವಲ್ಲ. ‘ಮದುವೆ ಮಾಡಿದರೆ ಸರಿಹೋಗುತ್ತದೆ’ ಎಂದು ಹೇಳುವ ಹಿರಿಯರಿಗೆ ಕೈಮುಗಿದು ಹೇಳಬೇಕಾದ್ದು ಇಷ್ಟೇ: ಸರಿಹೋಗುವುದಿಲ್ಲ, ಕೆಟ್ಟುಹೋಗುವ ಬದುಕು ಎರಡಾಗುತ್ತದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ನಡುವಿನ ಒಪ್ಪಿತ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದಿದೆ.

ಈಗ ನಮ್ಮ ಜಿಲ್ಲೆಯ ಅತಿ ದೊಡ್ಡ ವಿಷಯಕ್ಕೆ ಬರೋಣ. ಕಾಸರಗೋಡಿನಲ್ಲಿ ಸಾವಿರಾರು ದಂಪತಿಗಳ ಕಾಮಜೀವನ ನಡೆಯುವುದು ಗಲ್ಫಿನ ರಜೆಯ ಲೆಕ್ಕದಲ್ಲಿ. ಎರಡು ವರ್ಷಕ್ಕೊಮ್ಮೆ 35 ದಿನ ಎಂದಿಟ್ಟುಕೊಳ್ಳಿ. ಮೊದಲ ದಿನ ಪೆಟ್ಟಿಗೆ ಬಿಚ್ಚುವುದು, ನೆಂಟರು, ನೆರೆಕರೆ. ರಾತ್ರಿ ಮಂಚದಲ್ಲಿ ನಾಲ್ಕು ವರ್ಷದ ಮಗು, ಹುಟ್ಟಿದಲ್ಲಿಂದ ಅಮ್ಮನ ಸೆರಗು ಹಿಡಿದೇ ಮಲಗಿದ್ದು. ಅದರ ನೆನಪಿನಲ್ಲಿ ಈ ಗಡ್ಡದ ಮನುಷ್ಯ ಫೋನಿನಲ್ಲಿ ಕಂಡವನು ಮಾತ್ರ. ಗಂಡ ವಿಮಾನ ಹತ್ತುವ ಮೊದಲೇ ಆಸೆ ತುಂಬಿಕೊಂಡು ಬಂದಿದ್ದಾನೆ. ಅವನಿಗೆ ಎರಡು ವರ್ಷ ಕಾಯುವುದೇ ಆಕ್ಸಿಲರೇಟರು. ಅವಳು ಎರಡು ವರ್ಷ ಮಾವನ ಸಕ್ಕರೆ ಮಾತ್ರೆ, ಮಗುವಿನ ಜ್ವರ, ಬಾವಿಯ ಪಂಪು, ಬ್ಯಾಂಕಿನ ಕಂತು ಎಲ್ಲ ಒಬ್ಬಳೇ ನಡೆಸಿದ್ದಾಳೆ. ಆ ಬದುಕನ್ನು ತಾಳಿಕೊಳ್ಳಲಿಕ್ಕಾಗಿಯೇ ಆಸೆಯ ಕದವನ್ನು ಮುಚ್ಚಿ ಚಿಲಕ ಹಾಕಿಕೊಂಡಿದ್ದಾಳೆ. ಮೂರನೇ ರಾತ್ರಿ ಅವನು, “ನಿನಗೆ ನನ್ನ ಮೇಲೆ ಪ್ರೀತಿ ಇಲ್ಲವಾ?” ಎನ್ನುತ್ತಾನೆ. ಅವಳು, “ಹಾಗೆಲ್ಲ ಎಂತಕ್ಕೆ ಹೇಳ್ತೀರಿ, ನಂಗೆ ಸುಸ್ತು” ಎಂದು ಆಚೆ ತಿರುಗುತ್ತಾಳೆ. ಇಬ್ಬರೂ ಹೇಳಿದ್ದು ನಿಜ, ಇಬ್ಬರಿಗೂ ಅರ್ಥವಾದದ್ದು ತಪ್ಪು.

ಕೆನಡಾದ ವೈದ್ಯೆ ರೋಸ್‌ಮರಿ ಬ್ಯಾಸನ್ 2000ದ ಹೊತ್ತಿಗೆ ಹೇಳಿದ್ದು ಇಲ್ಲಿ ತುಂಬ ಉಪಕಾರಕ್ಕೆ ಬರುತ್ತದೆ. ಆಸೆ ಯಾವಾಗಲೂ ಮೊದಲು ಬರಬೇಕೆಂದಿಲ್ಲ. ಅನೇಕರಿಗೆ, ದೀರ್ಘ ದಾಂಪತ್ಯದ ಹೆಂಗಸರಿಗೆ ವಿಶೇಷವಾಗಿ, ಮೊದಲು ಸಲಿಗೆ, ಸ್ಪರ್ಶ, ಮೈ ಬೆಚ್ಚಗಾಗುವುದು, ಆಮೇಲೆ ಆಸೆ. ಅದು ರೋಗವಲ್ಲ, ಕ್ರಮವೇ ಹಾಗೆ. ಒತ್ತಾಯಕ್ಕೆ ಮಾತ್ರ ಇದನ್ನು ನೆಪ ಮಾಡಬಾರದು. ಬೇಡ ಎಂದವಳ ಮೈಯಲ್ಲಿ ಬ್ರೇಕು ಇನ್ನಷ್ಟು ಬಿಗಿಯುತ್ತದೆ. ಆರು ತಿಂಗಳಿಗೂ ಹೆಚ್ಚು ಕಾಲ ಆಸೆ ಇಲ್ಲದೆ, ಅದರಿಂದ ಅವಳಿಗೇ ಸಂಕಟವಾದರೆ ಮಾತ್ರ ವೈದ್ಯರು ಅದನ್ನು ತೊಂದರೆ ಎಂದು ಎಣಿಸುತ್ತಾರೆ. ಗಂಡನಿಗೆ ಸಾಲದು ಎಂಬುದು ಕಾಯಿಲೆಯ ಲಕ್ಷಣವಲ್ಲ.

ಮಗುವಿಗೆ ಹಾಲೂಡಿಸುವಾಗ ಹಾಲು ಬರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಏರಿ ಈಸ್ಟ್ರೋಜನ್ ಇಳಿದಿರುತ್ತದೆ, ಯೋನಿ ಒಣಗುತ್ತದೆ, ನೋವಾಗುತ್ತದೆ. ಮುಟ್ಟು ನಿಂತ ಮೇಲೂ ಇದೇ. ಒಂದೆರಡು ಸಲ ನೋವಾದರೆ ಮೆದುಳು ಅದನ್ನು ಮರೆಯುವುದಿಲ್ಲ, ಮುಂದಿನ ಸಲ ಮುಟ್ಟುವ ಮೊದಲೇ ಸ್ನಾಯು ಬಿಗಿಯುತ್ತದೆ. ಇದಕ್ಕೆ ಔಷಧದಂಗಡಿಯಲ್ಲಿ ಸಿಗುವ ನೀರಿನಂಶದ ಜೆಲ್ ಸಾಕಾಗುತ್ತದೆ, ಮುಟ್ಟು ನಿಂತವರಿಗೆ ವೈದ್ಯರು ಈಸ್ಟ್ರೋಜನ್ ಮುಲಾಮು ಕೊಡುತ್ತಾರೆ. ನಮ್ಮಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ. ಕಾಂಡೋಮ್ ಬಳಸುವವರು ಮಾತ್ರ ಅದನ್ನು ಮುಟ್ಟಬಾರದು; ಎಣ್ಣೆ ತಾಗಿದ ಲೇಟೆಕ್ಸ್ ಕೆಲವೇ ನಿಮಿಷಗಳಲ್ಲಿ ಬಲ ಕಳೆದುಕೊಂಡು ಹರಿಯುತ್ತದೆ.

ಇದ್ದಕ್ಕಿದ್ದಂತೆ ಆಸೆ ಹೋಗಿದ್ದರೆ ಮೊದಲು ಮನೆಯ ಮಾತ್ರೆ ಡಬ್ಬಿ ನೋಡಿ. ಖಿನ್ನತೆಗೆ ಕೊಡುವ ಫ್ಲುವಾಕ್ಸೆಟಿನ್, ಸರ್ಟ್ರಲಿನ್, ಎಸ್ಸಿಟಾಲೊಪ್ರಾಮ್, ಕೂದಲಿಗೆ ತಿನ್ನುವ ಫಿನಾಸ್ಟರೈಡ್, ಪ್ರೊಲ್ಯಾಕ್ಟಿನ್ ಏರಿಸುವ ರಿಸ್ಪೆರಿಡೋನ್ ಇವೆಲ್ಲ ಕೆಲವರಲ್ಲಿ ಹೀಗೆ ಮಾಡುತ್ತವೆ. ತಾನಾಗಿ ನಿಲ್ಲಿಸಬಾರದು, ಬರೆದ ವೈದ್ಯರಿಗೆ ಹೇಳಿದರೆ ಬದಲಿ ಸಿಗುತ್ತದೆ. ಆಮೇಲೆ ಸಕ್ಕರೆ, ಥೈರಾಯ್ಡ್, ಹಿಮೋಗ್ಲೋಬಿನ್, ಪ್ರೊಲ್ಯಾಕ್ಟಿನ್ ಪರೀಕ್ಷೆ. ಗಂಡಸಿಗೆ ಬೆಳಗಿನ ಜಾವದ ನಿಮಿರುವಿಕೆ ಎಂದಿನಂತೆ ಇದ್ದು ಹೆಂಡತಿಯ ಜೊತೆ ಮಾತ್ರ ಆಗದಿದ್ದರೆ ರಕ್ತನಾಳ ಬಹುಮಟ್ಟಿಗೆ ಚೆನ್ನಾಗಿದೆ, ತೊಂದರೆ ಬ್ರೇಕಿನದು. ಬೆಳಿಗ್ಗೆಯೂ ಇಲ್ಲವೆಂದರೆ ಹೃದಯವನ್ನೂ ತೋರಿಸಬೇಕು. ಶಿಶ್ನದ ರಕ್ತನಾಳ ಒಂದೆರಡು ಮಿಲಿಮೀಟರ್ ಅಗಲ, ಹೃದಯದ್ದು ಮೂರು ನಾಲ್ಕು. ಕಟ್ಟಿಕೊಳ್ಳುವುದು ಮೊದಲು ಸಣ್ಣದ್ದರಲ್ಲಿ. 1998ರಲ್ಲಿ ಬಂದ ಸಿಲ್ಡೆನಾಫಿಲ್ (ವಯಾಗ್ರ) ರಕ್ತದ ಹರಿವಿಗೆ ಸಹಾಯ ಮಾಡುತ್ತದೆ ಅಷ್ಟೆ, ಆಸೆಯನ್ನು ಹುಟ್ಟಿಸುವುದಿಲ್ಲ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆಯ ಜೊತೆ ಸೇರಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ಹೆಸರಿಲ್ಲದ ‘ಗಿಡಮೂಲಿಕೆ’ ಪುಡಿಗಳಲ್ಲಿ ಸಿಲ್ಡೆನಾಫಿಲನ್ನೇ ಗುಟ್ಟಾಗಿ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ.

ಬ್ರೇಕು ಸಡಿಲಿಸುವ ಕ್ರಮವೊಂದನ್ನು ಅಮೆರಿಕದ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ರೂಪಿಸಿದರು, ಲೈಂಗಿಕ ಚಿಕಿತ್ಸಕರು ಇಂದಿಗೂ ಅದನ್ನೇ ಬಳಸುತ್ತಾರೆ. ಮೊದಲ ವಾರ ಸಂಭೋಗ ಇಲ್ಲ ಎಂದು ಇಬ್ಬರೂ ಮಾತು ಕೊಟ್ಟುಕೊಳ್ಳಬೇಕು; ಈ ಮಾತೇ ಅರ್ಧ ಮದ್ದು. ವಾರಕ್ಕೆ ಎರಡು ಮೂರು ಸಲ, ಒಬ್ಬರು ಇಪ್ಪತ್ತು ನಿಮಿಷ ಮುಟ್ಟುವುದು, ಆಮೇಲೆ ಇನ್ನೊಬ್ಬರು. ಎದೆ ಮತ್ತು ಜನನಾಂಗ ಬಿಟ್ಟು ಬೆನ್ನು, ತಲೆ, ಕೈಕಾಲು. ಇಷ್ಟವಾಗದಿದ್ದರೆ ಕೈ ಹಿಡಿದು ಬೇರೆ ಕಡೆ ಇಡಬೇಕು. ಎರಡನೇ ಹಂತದಲ್ಲಿ ಬಿಟ್ಟ ಜಾಗಗಳೂ ಸೇರುತ್ತವೆ, ಆದರೂ ಸಂಭೋಗ ಇಲ್ಲ. ಮೂರನೆಯದರಲ್ಲಿ, ಇಬ್ಬರಿಗೂ ಬೇಕೆನಿಸಿದರೆ ಮಾತ್ರ, ಅವಸರವಿಲ್ಲದೆ ಮುಂದಕ್ಕೆ. ಹೆಚ್ಚಿನವರು ಕೆಡಿಸಿಕೊಳ್ಳುವುದು ಮೊದಲ ವಾರದಲ್ಲೇ, ‘ಈಗ ಸರಿಯಾಯಿತಲ್ಲ’ ಎಂದು ಮಾತು ಮುರಿದು. ಹಾಗೆ ಮುರಿದರೆ ಮುಟ್ಟುವುದೆಂದರೆ ಮುಂದಿನದಕ್ಕೆ ಪೀಠಿಕೆ ಎಂಬ ಹಳೆಯ ಒತ್ತಡ ಮತ್ತೆ ಬಂದು ಕೂರುತ್ತದೆ.

35 ದಿನದ ರಜೆಯಲ್ಲಿ ಇಷ್ಟಕ್ಕೆ ಜಾಗ ಎಲ್ಲಿ ಎಂದರೆ, ಮೊದಲ ವಾರವನ್ನು ರಜೆಗೆ ಮುಂಚೆಯೇ ಶುರುಮಾಡಬೇಕು. ಟಿಕೆಟ್ ಆದ ದಿನದಿಂದ ಫೋನಿನಲ್ಲಿ ಕಂತು, ಪಂಪು ಬಿಟ್ಟು ಹತ್ತು ನಿಮಿಷ ಬೇರೆ ಮಾತು ಇರಲಿ. ನೆಂಟರ ಮನೆ ಸುತ್ತುವುದನ್ನು ಎರಡನೇ ವಾರಕ್ಕೆ ಹಾಕಿ. ಮಗುವಿನ ಹಾಸಿಗೆಯನ್ನು ಗಂಡ ಬಂದ ರಾತ್ರಿ ಬೇರೆ ಮಾಡಿದರೆ ಅದು ರಂಪ ಮಾಡುತ್ತದೆ, ಗಡ್ಡದ ಮನುಷ್ಯನ ಮೇಲೆ ಸಿಟ್ಟಾಗುತ್ತದೆ. ಒಂದು ತಿಂಗಳು ಮೊದಲೇ, ಕಥೆ ಹೇಳುವ ಅಜ್ಜಿಯ ಕೋಣೆಗೆ ಸಾಗಿಸಿ.